ಬಂದೂಕಿನ ಬಾಯಿಕುಕ್ಕೆ

ನಮ್ಮ ಮನೆಯ ಬಂದೂಕು ಒದೆಯುತ್ತಿತ್ತು. ಎಲ್ಲ ಬಂದೂಕುಗಳೂ ಒದೆಯುತ್ತವೆ ಎಂದು ಆಮೇಲೆ ತಿಳಿದವರು ಹೇಳಿದರು. ನಮಗೆ ಇದ್ದದ್ದು ಅದೊಂದೇ ಆದ್ದರಿಂದ ಅದರ ಗುಣವೇ ಕೆಟ್ಟದ್ದು ಎಂದು ನಾವು ತಿಳಿದುಕೊಂಡಿದ್ದೆವು. ಒಂಟಿ ನಳಿಗೆಯ ತೋಟಾ ಬಂದೂಕು, ಅಪ್ಪನದು. ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸು ಅಣ್ಣನ ಹೆಸರಿಗೆ ಬಂತು. ಬೆಳೆ ಕಾಯಲಿಕ್ಕೆಂದು ಕೊಟ್ಟ ಲೈಸೆನ್ಸು. ಅದರಲ್ಲಿ ಬಂದೂಕಿನ ನಂಬರು, ನಳಿಗೆಯ ಉದ್ದ ಇಷ್ಟು ಇಂಚು ಎಂಬುದನ್ನೆಲ್ಲ ಶಾಯಿಯಲ್ಲಿ ಬರೆದಿತ್ತು. ಅಣ್ಣ ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ದೇವರ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕ ಇಡುತ್ತಿದ್ದ.

ನಮ್ಮ ಹೊಲ ಸವಳಂಗದಿಂದ ಒಳಗೆ, ಕಾಡಿನ ಅಂಚಿಗೆ ಇತ್ತು. ಶೇಂಗಾ ಹಾಕಿದರೆ ಕಾಡುಹಂದಿಗಳು ನಮಗಿಂತ ಮೊದಲು ಕೀಳುತ್ತಿದ್ದವು. ಹೊತ್ತು ಮುಳುಗುವಾಗ ಅಣ್ಣ ಬದುವಿನ ಮೇಲೆ ನಿಂತು ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಿದ್ದ. ಅದರಿಂದ ಹಂದಿ ಸತ್ತದ್ದನ್ನು ನಾನು ಯಾವತ್ತೂ ನೋಡಿಲ್ಲ. ಆದರೆ ಆ ಒಂದು ಶಬ್ದಕ್ಕೆ ಎರಡು ಮೂರು ದಿನ ಅವು ಈ ಕಡೆ ಬರುತ್ತಿರಲಿಲ್ಲ. ಊರಲ್ಲಿ ಬೇರೆ ಬಂದೂಕು ಇರಲಿಲ್ಲವಾದ್ದರಿಂದ ಅಕ್ಕಪಕ್ಕದ ಹೊಲದವರೂ ಅಣ್ಣನ ಗುಂಡನ್ನು ನಂಬಿಯೇ ಮಲಗುತ್ತಿದ್ದರು. ಹಿಟ್ಟಿನ ಗಿರಣಿಯಲ್ಲಿ ಅವನಿಗೆ ಸರದಿ ಬಿಟ್ಟುಕೊಡುತ್ತಿದ್ದರು. ಅಷ್ಟಕ್ಕೆಲ್ಲ ಹಿಗ್ಗುವವನಲ್ಲ ಅವನು. ಆದರೆ ಸರದಿ ಬೇಡ ಅಂತಲೂ ಅನ್ನುತ್ತಿರಲಿಲ್ಲ.

ತೊಂದರೆ ಇದ್ದದ್ದು ಅವನ ಬಲ ಭುಜದಲ್ಲಿ. ಒಂದು ವರ್ಷ ಹುಲ್ಲಿನ ಗಾಡಿಯಿಂದ ಬಿದ್ದು ಎಲುಬು ಮುರಿದಿತ್ತು. ಕಟ್ಟು ಕಟ್ಟಿಸಿದ ಮೇಲೆ ಕೂಡಿಕೊಂಡಿತು, ಆದರೆ ಸೊಟ್ಟಗೆ ಕೂಡಿತು. ಬಂದೂಕಿನ ಹಿಡಿ ಸರಿಯಾಗಿ ಅದೇ ಸೊಟ್ಟ ಜಾಗಕ್ಕೆ ಒದೆಯುತ್ತಿತ್ತು. ಗುಂಡು ಹಾರಿಸಿದ ಮಾರನೆಯ ದಿನ ಅಣ್ಣ ಎಡಗೈಯಲ್ಲಿ ಊಟ ಮಾಡುತ್ತಿದ್ದ. ಅತ್ತಿಗೆ ಅವನಿಗೆ ರೊಟ್ಟಿ ಮುರಿದು ಕೊಡುವಾಗ, “ಹಂದಿಗಿಂತ ನಿಮಗೇ ಜಾಸ್ತಿ ಪೆಟ್ಟು ಬೀಳ್ತೈತೆ,” ಅನ್ನುತ್ತಿದ್ದಳು. ಅಣ್ಣ, “ಹಂದಿ ಹಂಗೆ ತಿಳ್ಕೊಂಡಿಲ್ಲ, ಅದೇ ಪುಣ್ಯ,” ಅನ್ನುತ್ತಿದ್ದ.

ನಾನು ಅವನಿಗಿಂತ ಹನ್ನೆರಡು ವರ್ಷ ಚಿಕ್ಕವನು. ಐದನೇ ಕ್ಲಾಸಿಗೆ ಶಾಲೆ ಬಿಟ್ಟೆ. ನ್ಯಾಮತಿಯ ಒಂದು ಸೈಕಲ್ ಶಾಪಿನಲ್ಲಿ ಎರಡು ವರ್ಷ ಕೆಲಸ ಮಾಡಿ, ಪಂಕ್ಚರ್ ಹಾಕುವುದು, ರಿಮ್ಮಿನ ಸೊಟ್ಟ ತೆಗೆಯುವುದು ಕಲಿತು, ಜಗತ್ತಿನಲ್ಲಿ ಕಬ್ಬಿಣದ್ದು ಏನಿದ್ದರೂ ನನಗೆ ತಿಳಿಯುತ್ತದೆ ಎಂಬ ನಂಬಿಕೆಯೊಂದಿಗೆ ಊರಿಗೆ ವಾಪಸು ಬಂದಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಇಪ್ಪತ್ತನಾಲ್ಕು. ಬುದ್ಧಿ ಬರುವ ವಯಸ್ಸು ಎಂದು ಎಲ್ಲರೂ ಹೇಳುತ್ತಿದ್ದರು.

ಆ ವರ್ಷ ಜಗಳೂರಿನಿಂದ ಬಾವ ಬಂದರು. ಅಕ್ಕನ ಗಂಡ. ಮಿಲಿಟರಿಯಲ್ಲಿ ತೋಪಿನ ದಳದಲ್ಲಿದ್ದು ನಿವೃತ್ತರಾದವರು. ಊಟಕ್ಕೆ ಕೂತಾಗ ಅಣ್ಣನ ಎಡಗೈ ನೋಡಿ ಕಾರಣ ಕೇಳಿದರು. ಕೇಳಿ, ತಟ್ಟೆಯಲ್ಲಿದ್ದ ಜೋಳದ ರೊಟ್ಟಿಯನ್ನು ಕೊಳವೆಯ ಹಾಗೆ ಸುತ್ತಿ ಹಿಡಿದರು. ಅದರ ತುದಿಯ ಪಕ್ಕದಲ್ಲಿ ಬೆರಳಿನಿಂದ ಎರಡು ತೂತು ಮಾಡಿದರು.

“ಇದು ತೋಪಿನ ಬಾಯಿ ಅಂತ ಇಟ್ಕೊ. ಇಲ್ಲಿಗೆ ಒಂದು ತೂತಿನ ಕೊಳವೆ ಕೂರಿಸಿರ್ತಾರೆ. ಹೊಗೆ ಎಲ್ಲಾ ಮುಂದಕ್ಕೆ ಹೋಗೋ ಬದಲು ಪಕ್ಕಕ್ಕೆ ಹೋಗ್ತೈತೆ. ಒದೆತ ಅರ್ಧಕ್ಕರ್ಧ ಕಮ್ಮಿ.”

ಅತ್ತಿಗೆ, “ಆ ರೊಟ್ಟಿ ತಿಂತೀರೋ, ಇನ್ನೊಂದು ಹಾಕ್ಲೋ?” ಎಂದು ಕೇಳಿದಳು.

ಬಾವ ತೋಪನ್ನು ಪಲ್ಯದಲ್ಲಿ ಅದ್ದಿಕೊಂಡು ತಿಂದರು. ನನ್ನ ತಲೆಯಲ್ಲಿ ಅದು ಉಳಿಯಿತು.

ಅಟ್ಟದ ಮೇಲೆ ಔಷಧಿ ಹೊಡೆಯುವ ಹಳೆಯ ಪಂಪು ಬಿದ್ದಿತ್ತು. ಅದರ ಹಿತ್ತಾಳೆ ಕೊಳವೆಯ ತುಂಡೊಂದನ್ನು ನಳಿಗೆಯ ತುದಿಗೆ ಹಿಡಿದು ನೋಡಿದೆ. ಒಂದು ಕೂದಲಿನಷ್ಟು ಬಿಗಿ. ಬಾವನಿಗೆ ತೋರಿಸಿದೆ. ಅವರು ಭುಜ ತಟ್ಟಿ, “ನಿನ್ನನ್ನ ಮಿಲಿಟರಿಗೆ ಹಾಕಬೇಕಾಗಿತ್ತು,” ಎಂದರು. ಅಷ್ಟು ಸಾಕಾಯಿತು.

ಅಣ್ಣ ಒಂದೇ ಒಂದು ಮಾತು ಹೇಳಿದ.

“ಏನಾದ್ರೂ ಮಾಡ್ಕೊ. ನಳಿಗೆಗೆ ಮಾತ್ರ ತೂತು ಹೊಡೀಬ್ಯಾಡ. ಅದು ಅಪ್ಪನ್ದು.”

“ತೂತು ಯಾಕಣ್ಣ? ಗಾಡಿ ಗಾಲಿಗೆ ಹಳಿ ಏರಿಸಿದಂಗೆ ಏರಿಸ್ತೀನಿ,” ಎಂದೆ.

ನಮ್ಮ ಕಡೆ ಗಾಡಿಯ ಮರದ ಗಾಲಿಗೆ ಕಬ್ಬಿಣದ ಹಳಿ ಹಾಕುವುದು ಹೀಗೆ: ಹಳಿಯನ್ನು ಗಾಲಿಗಿಂತ ಸ್ವಲ್ಪ ಚಿಕ್ಕದಾಗಿ ಮಾಡಿಕೊಳ್ಳುತ್ತಾರೆ. ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾರೆ. ಕಾದಾಗ ಅದು ಹಿಗ್ಗುತ್ತದೆ. ಇಕ್ಕಳದಲ್ಲಿ ಎತ್ತಿ ಗಾಲಿಗೆ ಕೂರಿಸಿ ಕೊಡಗಟ್ಟಲೆ ನೀರು ಸುರಿಯುತ್ತಾರೆ. ತಣ್ಣಗಾದ ಹಳಿ ಕುಗ್ಗಿ ಗಾಲಿಯನ್ನು ಹಿಡಿದುಕೊಂಡರೆ ಗಾಡಿ ಮುರಿಯುವವರೆಗೆ ಬಿಡುವುದಿಲ್ಲ. ಬಂದೂಕಿಗೂ ಹಾಗೇ ಮಾಡಿದೆ. ಕೊಳವೆಯ ಪಕ್ಕಗಳಿಗೆ ಬೈರಿಗೆಯಿಂದ ಎಂಟು ತೂತು ಕೊರೆದೆ. ಕಾಯಿಸಿದೆ. ನಳಿಗೆಯ ತುದಿಗೆ ತೂರಿಸಿ, ಮುಂದೆ ನಾಲ್ಕು ಬೆರಳು ಚಾಚುವಂತೆ ಬಿಟ್ಟು, ನೀರು ಹಾಕಿದೆ. ಚೊಯ್ ಅಂತು. ಗಾಲಿಯ ಹಳಿಯನ್ನು ಬಿಚ್ಚುವ ಪ್ರಸಂಗವೇ ಬರುವುದಿಲ್ಲ, ಬಂದೂಕಿನದನ್ನು ಬಿಚ್ಚುವ ಪ್ರಸಂಗ ಬರಬಹುದು ಎಂಬುದು ನನಗಾಗಲಿ, ಬಾವನಿಗಾಗಲಿ, ನೋಡಲು ಬಂದ ನಾಲ್ಕು ಜನಕ್ಕಾಗಲಿ ಹೊಳೆಯಲಿಲ್ಲ. ಅವರೆಲ್ಲ ಗಾಡಿ ಹೊಡೆಯುವವರು.

ಅತ್ತಿಗೆ ಅದನ್ನು ನೋಡಿ, “ಎತ್ತಿನ ಬಾಯಿಗೆ ಕುಕ್ಕೆ ಕಟ್ಟಿದಂಗೈತೆ,” ಎಂದಳು. ಕಣದಲ್ಲಿ ತುಳಿಯುವಾಗ ಎತ್ತು ಕಾಳಿಗೆ ಬಾಯಿ ಹಾಕದ ಹಾಗೆ ಕಟ್ಟುವ ಬಲೆಬುಟ್ಟಿ ಅದು. ಅವತ್ತಿನಿಂದ ಊರಿನ ಬಾಯಲ್ಲಿ ಅದು ಬಂದೂಕಿನ ಬಾಯಿಕುಕ್ಕೆ ಆಯಿತು.

ಮೊದಲ ಗುಂಡನ್ನು ಅಣ್ಣನಿಗೆ ಕೊಡದೆ ನಾನೇ ಹಾರಿಸಿ ನೋಡಿದೆ, ಹೊಲದಲ್ಲಿ ಯಾರೂ ಇಲ್ಲದಾಗ. ಒದೆತ ಮೊದಲಿನಷ್ಟೇ ಇತ್ತು. ಕುಕ್ಕೆ ಮಾತ್ರ ಒಂದು ಬೆರಳು ಮುಂದಕ್ಕೆ ಜಾರಿತ್ತು. ಇನ್ನೊಂದು ಗುಂಡಿಗೆ ಹಾರಿಹೋಗುತ್ತಿತ್ತು. ಬಾವ ಇನ್ನೂ ಮನೆಯಲ್ಲಿದ್ದರು. ಅವರ ಎದುರಿಗೆ, ಊರವರ ಎದುರಿಗೆ ಅದು ಹಾರಿಹೋಗುವುದನ್ನು ನಾನು ಕಣ್ಣಮುಂದೆ ಕಂಡೆ. ಮನೆಗೆ ಬಂದು, “ಇನ್ನೊಂದು ಸಲ ಕಾಯಿಸಿ ಕೂರಿಸ್ತೀನಿ,” ಎಂದು ಹೇಳಿ ದನದ ಕೊಟ್ಟಿಗೆಗೆ ಹೋದೆ. ಕಾಯಿಸಿದ್ದೂ ನಿಜ, ಕೂರಿಸಿದ್ದೂ ನಿಜ. ಆಮೇಲೆ ಬೈರಿಗೆ ಹಿಡಿದು ಹಿತ್ತಾಳೆಯನ್ನೂ ಅದರ ಅಡಿಯಲ್ಲಿದ್ದ ನಳಿಗೆಯನ್ನೂ ಸೇರಿಸಿ ತೂತು ಕೊರೆದೆ. ಸೈಕಲ್ ಕಡ್ಡಿಯ ಒಂದು ತುಂಡನ್ನು ಅದರೊಳಗೆ ಬಡಿದೆ. ಹೊರಗಿನ ತುದಿಯನ್ನು ಅರದಿಂದ ಉಜ್ಜಿ, ಅದರ ಮೇಲೆ ಸ್ವಲ್ಪ ಹಿತ್ತಾಳೆಯನ್ನೇ ತಟ್ಟಿ ಎಳೆದು, ಹುಣಸೆಹಣ್ಣು ಹಾಕಿ ತಿಕ್ಕಿದೆ. ಒಳಗಿನ ತುದಿಯನ್ನು ದುಂಡು ಅರದಿಂದ ಸವೆಸಿದೆ. ಕೆಲಸ ಅಚ್ಚುಕಟ್ಟಾಗಿತ್ತು. ನನ್ನ ಜೀವನದಲ್ಲಿ ನಾನು ಮಾಡಿದ ಅತ್ಯಂತ ಅಚ್ಚುಕಟ್ಟಾದ ಕೆಲಸ ಅದೇ.

ಸಂಜೆ ಅಣ್ಣ ಹಾರಿಸಿದ. ಶಬ್ದ ಎರಡು ಪಟ್ಟಾಗಿತ್ತು. ಪಕ್ಕದ ತೂತುಗಳಿಂದ ಬಂದ ಹೊಗೆ, ಮಸಿ ಅವನ ಮುಖಕ್ಕೆ ಹೊಡೆಯಿತು. ಕಣ್ಣುಜ್ಜಿಕೊಳ್ಳುತ್ತಾ, “ಕಮ್ಮಿ ಆಗೈತೆ. ಭಾಳ ಕಮ್ಮಿ ಆಗೈತೆ,” ಎಂದ. ಮಾರನೆಯ ದಿನವೂ ಎಡಗೈಯಲ್ಲೇ ಉಂಡ. ಬಾವ ಸಂತೋಷದಿಂದ ಜಗಳೂರಿಗೆ ಹೋದರು.

ಮೂರು ನಾಲ್ಕು ತಿಂಗಳಿಗೆ ಚುನಾವಣೆ ಬಂತು. ಚುನಾವಣೆ ಬಂದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಿ ರಸೀದಿ ತೆಗೆದುಕೊಳ್ಳಬೇಕು, ಮುಗಿದ ಮೇಲೆ ವಾಪಸು ತರಬೇಕು. ಅದು ಎಲ್ಲರಿಗೂ ಗೊತ್ತಿದ್ದ ಕ್ರಮ. ನಾನೂ ಅಣ್ಣನೂ ಬಂದೂಕನ್ನು ಕಂಬಳಿಯಲ್ಲಿ ಸುತ್ತಿಕೊಂಡು ಸೋಮವಾರ ನ್ಯಾಮತಿ ಠಾಣೆಗೆ ಹೋದೆವು. ಅಲ್ಲಿನ ರೈಟರ್ ವಯಸ್ಸಾದವರು, ಸಮಾಧಾನಿ. ಕಂಬಳಿ ಬಿಚ್ಚಿದ ಮೇಲೆ ಬಂದೂಕನ್ನು ಅತ್ತಿತ್ತ ತಿರುಗಿಸಿ ನೋಡಿದರು.

“ಏನ್ರೀ ಇದು, ಓಲಗ ಊದಾಕೆ ಮಾಡ್ಸೀರಾ?”

ಅಣ್ಣ ಭುಜದ ಕಥೆ ಹೇಳಿದ. ಅವರು ಟೇಪು ಹಿಡಿದು ಅಳೆದು, ಲೈಸೆನ್ಸು ನೋಡಿ, ಕನ್ನಡಕ ತೆಗೆದಿಟ್ಟರು.

“ಇದರಾಗೆ ಬರೆದಿರೋ ಬಂದೂಕಿಗಿಂತ ಇದು ಉದ್ದ ಐತೆ. ಹಿಂಗೇ ಬರ್ಕೊಂಡ್ರೆ ಬಂದೂಕಿನ ರೂಪ ಬದಲಾಯಿಸೀರಿ ಅಂತ ಮೇಲೆ ಕಳಿಸಬೇಕಾಗ್ತೈತೆ. ಲೈಸೆನ್ಸ್ ಹೋಗ್ತೈತೆ. ಅದನ್ನ ಬಿಚ್ಚಿಸ್ಕೊಂಡು ಶನಿವಾರದೊಳಗೆ ತನ್ನಿ. ಇವತ್ತು ನೀವು ಬಂದಿಲ್ಲ, ನಾನು ನೋಡಿಲ್ಲ.”

ಅಣ್ಣ ಅವರಿಗೆ ಕೈ ಮುಗಿದ. ಹೊರಗೆ ಬಂದು ನನಗೆ ಹೇಳಿದ: “ಐದು ದಿನ ಐತೆ. ಬಿಚ್ಚೋದು ಎಷ್ಟೊತ್ತಿನ ಕೆಲ್ಸ?”

ನಾನು, “ಹಾಕಿದಷ್ಟೇ ಹೊತ್ತು,” ಎಂದೆ. ಆ ಕ್ಷಣದಲ್ಲಿ ನನಗೆ ಎರಡು ವಿಷಯ ಗೊತ್ತಿದ್ದವು. ಬಿಚ್ಚದಿದ್ದರೆ ಲೈಸೆನ್ಸು ಹೋಗುತ್ತದೆ. ಬಿಚ್ಚಿದರೆ ನಾನು ಕೊರೆದ ತೂತು ಕಾಣುತ್ತದೆ. ಮೂರನೆಯ ದಾರಿ ಏನಾದರೂ ಸಿಕ್ಕೀತೆಂದು ನಾನು ಶುಕ್ರವಾರದವರೆಗೂ ಕಾದೆ. ಆ ಕಾಯುವಿಕೆಯೇ ನಾನು ಮಾಡಿದ ಕೆಲಸ.

ಅವತ್ತು ಮನೆಯಲ್ಲಿ ಸೀಮೆಎಣ್ಣೆ ಬಿಟ್ಟೆವು. ಬಿಸಿನೀರು ಸುರಿದೆವು. ಅತ್ತಿಗೆ ಕೊಬ್ಬರಿ ಎಣ್ಣೆ ತಂದಳು, ಬೆರಳಿನಲ್ಲಿ ಸಿಕ್ಕಿದ ಉಂಗುರಕ್ಕೆ ಹಚ್ಚುವ ಹಾಗೆ. ಅಣ್ಣ ಹಿಡಿ ಹಿಡಿದುಕೊಂಡ, ನಾನು ಕುಕ್ಕೆ ಹಿಡಿದುಕೊಂಡು ಎಳೆದೆ. ಎಳೆದಂತೆ ಮಾಡಿದೆ. ನನ್ನ ಮುಖ ಕೆಂಪಾದದ್ದು ನೋಡಿ ಅಣ್ಣ, “ಸಾಕು ಬಿಡು, ನರ ಉಳುಕ್ಕೊಂಡೀಯ,” ಎಂದ.

ಮಂಗಳವಾರ ಹೊನ್ನಾಳಿಗೆ ಹೋದೆವು. ಅಲ್ಲಿ ಲೇತ್ ಇಟ್ಟುಕೊಂಡಿದ್ದ ಒಬ್ಬರಿದ್ದರು. ಬಸ್ಸಿನಲ್ಲಿ ಪಕ್ಕ ಕೂತಿದ್ದ ನಲ್ಲೂರಿನ ಅಡಿಕೆ ವ್ಯಾಪಾರಿಯೊಬ್ಬರು ಕಂಬಳಿಯ ಗಂಟನ್ನು ಬಹಳ ಹೊತ್ತು ನೋಡಿ, “ಏನದು?” ಎಂದರು. ಅಣ್ಣ, “ಕಬ್ಬಿಣ,” ಎಂದ. “ಎಲ್ಲಿಗೆ?” “ರಿಪೇರಿಗೆ.” “ಕಬ್ಬಿಣಕ್ಕೆ ಏನಾಗೈತೆ?” “ಉಸಿರುಕಟ್ಟೈತೆ,” ಎಂದ ಅಣ್ಣ. ವ್ಯಾಪಾರಿ ಮುಂದಿನ ಸ್ಟಾಪಿನಲ್ಲಿ ಸೀಟು ಬದಲಾಯಿಸಿದರು.

ಲೇತಿನವರು ಬಂದೂಕು ಕಂಡ ಕೂಡಲೇ ಅಂಗಡಿಯ ಬಾಗಿಲು ಅರ್ಧ ಮುಚ್ಚಿದರು. ಲೈಸೆನ್ಸು ತೋರಿಸಿದರೂ ಮುಟ್ಟಲಿಲ್ಲ. “ಇದು ನನ್ನ ಮಷೀನಿಗೆ ಹಿಡಿಯಾಕಿಲ್ರೀ. ಹಿಡಿದ್ರೂ ನನಗೆ ಧೈರ್ಯ ಇಲ್ಲ. ಚನ್ನಗಿರಿಯಾಗೆ ಬಂದೂಕು ರಿಪೇರಿ ಮಾಡೋ ಸಾಹೇಬರು ಒಬ್ರು ಅದಾರೆ, ಅವರತ್ರ ಹೋಗ್ರಿ,” ಎಂದರು. ನನಗೆ ಒಂದು ದಿನ ಉಳಿದ ಹಾಗಾಯಿತು.

ಬುಧವಾರ ಚನ್ನಗಿರಿ. ಸಾಹೇಬರ ಅಂಗಡಿ ಎಂದರೆ ಅವರ ಮನೆಯ ಜಗಲಿಯೇ. ಬಿಳಿ ಗಡ್ಡ, ತಲೆಯ ಮೇಲೆ ಟೋಪಿ, ತೊಡೆಯ ಮೇಲೆ ಒಂದು ಗೋಣಿಚೀಲ. ಬಂದೂಕನ್ನು ಆ ಚೀಲದ ಮೇಲೆ ಅಡ್ಡ ಮಲಗಿಸಿಕೊಂಡು, ಮೊದಲು ಅದು ಖಾಲಿ ಇದೆಯೇ ಎಂದು ಎರಡು ಸಲ ನೋಡಿದರು. ಆಮೇಲೆ ಒಂದು ಪುಟ್ಟ ಸುತ್ತಿಗೆಯಿಂದ ಕುಕ್ಕೆಯನ್ನು ಸುತ್ತಲೂ ತಟ್ಟುತ್ತಾ ಕಿವಿಗೊಟ್ಟು ಕೇಳಿದರು. ಕಿರುಬೆರಳನ್ನು ಬಾಯಿಯೊಳಗೆ ಹಾಕಿ ನಿಧಾನವಾಗಿ ಒಂದು ಸುತ್ತು ತಿರುಗಿಸಿದರು. ಒಂದು ಕಡೆ ಬೆರಳು ನಿಂತಿತು.

“ಯಾರು ಕೂರಿಸಿದ್ದು?”

“ನಮ್ಮ ತಮ್ಮ,” ಎಂದ ಅಣ್ಣ. ಅವನ ದನಿಯಲ್ಲಿ ಆಗಲೂ ಸ್ವಲ್ಪ ಹೆಮ್ಮೆ ಇತ್ತು. ಅದನ್ನು ನಾನು ಕೇಳಿಸಿಕೊಂಡೆ.

ಸಾಹೇಬರು ನನ್ನನ್ನು ನೋಡಿದರು. ಅಣ್ಣನಿಗೆ, “ನೀವು ಹೋಗಿ ಆ ಎದುರಿಗೆ ಮೂರು ಚಾ ಹೇಳಿ ಬರ್ರಿ,” ಎಂದರು. ಅಣ್ಣ ರಸ್ತೆ ದಾಟುವವರೆಗೆ ಕಾದರು.

“ಬರೇ ಕಾಯಿಸಿ ಹಾಕಿದ ಹಿತ್ತಾಳೆ ಹಿಂಗೆ ಹಿಡ್ಕೊಳ್ಳಲ್ಲಪ್ಪ. ನನ್ನ ಬೆರಳಿಗೆ ಏನೋ ತಾಗ್ತು. ಒಳಗೆ ಪಿನ್ನು ಗಿನ್ನು ಹೊಡೆದೀಯಾ?”

“ಇಲ್ಲ ಸಾಹೇಬ್ರೆ.”

“ಹೊಡೆದಿದ್ರೆ ಎಲ್ಲಿ ಅಂತ ತೋರಿಸು. ಅದನ್ನ ಕೊರೆದು ತೆಗೀತೀನಿ. ಅರ್ಧ ತಾಸಿನ ಕೆಲ್ಸ. ತೂತಿಗೆ ಬೆಸುಗೆ ಹಾಕಿ ಮುಚ್ಚಿ ಕೊಡ್ತೀನಿ, ನಿಮ್ಮ ಹಂದಿಗೆ ಗೊತ್ತಾಗಾಕಿಲ್ಲ.”

“ಹಂದಿಗೆ ಅಲ್ಲ,” ಎಂದೆ. ನನ್ನ ಬಾಯಿಂದ ಅಷ್ಟು ಬಂದುಬಿಟ್ಟಿತ್ತು.

“ನಿಮ್ಮಣ್ಣಂಗೂ ನೀನೇ ಹೇಳ್ಬೇಕು. ನಾನು ಹೇಳಿದ್ರೆ ಇಬ್ಬರ ನಡುವೆ ಕೈ ಹಾಕಿದಂಗೆ ಆಗ್ತೈತೆ. ಈಗ ಹೇಳು, ಐತಾ?”

ರಸ್ತೆಯ ಆ ಕಡೆ ಅಣ್ಣ ಮೂರು ಬೆರಳು ತೋರಿಸಿ ಚಹಾ ಹೇಳುತ್ತಿದ್ದ. ಎಡಗೈಯಲ್ಲಿ ತೋರಿಸುತ್ತಿದ್ದ. ನಾನು, “ಇಲ್ಲ,” ಎಂದೆ. ಇಷ್ಟು ಸುಲಭದ ಪ್ರಶ್ನೆಯನ್ನು ಇಷ್ಟು ಮರ್ಯಾದೆಯಿಂದ ನನಗೆ ಅದಕ್ಕೆ ಮೊದಲೂ ಯಾರೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಅಣ್ಣ ಬಂದ ಮೇಲೆ ಸಾಹೇಬರು ಚಹಾ ಕುಡಿದು ಹೇಳಿದರು: “ಇದನ್ನ ತಿರುವಿ ತೆಗೆಯಾಕೆ ಹೋಗಬ್ಯಾಡ್ರಿ. ಯಾರು ತಿರುವ್ತೀನಿ ಅಂದ್ರೂ ಕೊಡಬ್ಯಾಡ್ರಿ. ಹತ್ತು ದಿನ ನನ್ನ ಹತ್ರ ಬಿಟ್ಟು ಹೋಗ್ರಿ. ಅರ ಹಾಕಿ ಸ್ವಲ್ಪ ಸ್ವಲ್ಪ ಸವೆಸಿ ತೆಗೀಬೇಕು.”

“ಶನಿವಾರ ಠಾಣೆಗೆ ಕೊಡಬೇಕ್ರೀ.”

“ಹಂಗಾದ್ರೆ ನನ್ನ ಕೈಲಿ ಆಗಾಕಿಲ್ಲ.”

ಅಣ್ಣ ಬಸ್ ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ಕೂತಿದ್ದ. ಕೊನೆಗೆ, “ಬಾವನೇ ಹೇಳಿಕೊಟ್ಟಿದ್ದು, ಬಾವನೇ ಬಿಚ್ಚಲಿ,” ಎಂದ. ಮಾರನೆಯ ದಿನ ಬಸ್ಸು ಬದಲಾಯಿಸಿಕೊಂಡು ಜಗಳೂರಿಗೆ ಹೋದೆವು. ತಲುಪುವ ಹೊತ್ತಿಗೆ ಸಂಜೆಯಾಗಿತ್ತು. ಬಾವ ಕುಕ್ಕೆಯನ್ನು ನೋಡಿ ಮೊದಲು ಮೆಚ್ಚಿಕೊಂಡರು. ಆಮೇಲೆ ಚಿಂತೆ ಮಾಡಿದರು. ಅಕ್ಕ ಒಳಗಿನಿಂದ, “ರೊಟ್ಟಿಯಾಗೆ ತೋರಿಸಿದ್ದನ್ನ ರೊಟ್ಟಿಯಾಗೇ ಬಿಡಬೇಕಿತ್ತು,” ಎಂದಳು.

ಶುಕ್ರವಾರ ಬೆಳಿಗ್ಗೆ ಬಾವ ನಮ್ಮನ್ನು ತಮ್ಮ ಪರಿಚಯದ ಒಂದು ಟ್ರ್ಯಾಕ್ಟರ್ ಗ್ಯಾರೇಜಿಗೆ ಕರೆದುಕೊಂಡು ಹೋದರು. ಅಲ್ಲಿ ದೊಡ್ಡ ವೈಸ್ ಇತ್ತು. ಮೂರು ಅಡಿ ಉದ್ದದ ಪೈಪ್ ಪಾನ ಇತ್ತು. ಗ್ಯಾರೇಜಿನವನು ನಳಿಗೆಗೆ ತೊಗಲಿನ ಪಟ್ಟಿ ಸುತ್ತಿ ವೈಸಿಗೆ ಬಿಗಿದ. ಕುಕ್ಕೆಗೆ ಪಾನ ಹಾಕಿದ. ಬಾವ ಮಿಲಿಟರಿ ದನಿಯಲ್ಲಿ, “ತಯಾರ್?” ಎಂದರು.

ಅಣ್ಣ ಕೈ ಎತ್ತಿ ತಡೆದ. ಎಲ್ಲರ ಎದುರಿಗೇ ನನ್ನ ಕಡೆ ತಿರುಗಿದ.

“ಚನ್ನಗಿರಿ ಸಾಹೇಬರು ತಿರುವಬ್ಯಾಡ್ರಿ ಅಂದಾರೆ. ಅವರು ಅನುಭವಸ್ಥರು. ಹಂಗೆ ಯಾಕಂದ್ರು, ನನಗೆ ಗೊತ್ತಿಲ್ಲ. ಹಾಕಿದೋನು ನೀನು. ಒಳಗೆ ಏನಾದ್ರೂ ಐತೇನೋ? ಇದ್ರೆ ಹೇಳು. ಇನ್ನೊಂದು ವಾರ ಬೇಕು ಅಂತ ನಾನು ಠಾಣೆಯಾಗೆ ಕಾಲಿಗಾದ್ರೂ ಬೀಳ್ತೀನಿ.”

ಮೂರು ಜನ ನನ್ನನ್ನು ನೋಡುತ್ತಿದ್ದರು. ನಾನು, “ಏನೂ ಇಲ್ಲಣ್ಣ,” ಎಂದೆ.

ಆಗ ನಾನು ಏನು ಯೋಚಿಸುತ್ತಿದ್ದೆ ಎಂದು ಎಷ್ಟೋ ಸಲ ನೆನಪಿಸಿಕೊಳ್ಳಲು ನೋಡಿದ್ದೇನೆ. ಸೈಕಲ್ ಕಡ್ಡಿ ತೆಳ್ಳಗಿದೆ, ತಿರುವಿದ ರಭಸಕ್ಕೆ ತುಂಡಾಗಿ ಬಂದುಬಿಡಬಹುದು, ತೂತಿನಲ್ಲಿ ಗ್ರೀಸು ತುಂಬಿಕೊಂಡರೆ ಯಾರಿಗೂ ಕಾಣಲಿಕ್ಕಿಲ್ಲ ಎಂದೇನೋ ಇರಬೇಕು. ಏನೂ ಯೋಚಿಸಿರಲಿಲ್ಲ ಎಂದರೂ ಅಡ್ಡಿಯಿಲ್ಲ.

ಅಣ್ಣ ಗ್ಯಾರೇಜಿನವನ ಕಡೆ ತಿರುಗಿ, “ತಮ್ಮ ಇಲ್ಲ ಅಂದಾನೆ. ತಿರುವ್ರಿ,” ಎಂದ.

ಗ್ಯಾರೇಜಿನವನೂ ಬಾವನೂ ಇಬ್ಬರೂ ಸೇರಿ ತಿರುವಿದರು. ಮೊದಲು ಏನೂ ಆಗಲಿಲ್ಲ. ಆಮೇಲೆ ಹಸಿ ಬಿದಿರು ಸೀಳಿದ ಹಾಗೆ ಒಂದು ಶಬ್ದ ಬಂತು. ಕುಕ್ಕೆ ಕಾಲು ಸುತ್ತು ತಿರುಗಿ ಬಿಟ್ಟುಕೊಂಡಿತು. ಜೊತೆಗೆ ನಳಿಗೆಯ ಬಾಯಿಯೂ ಬಿಟ್ಟುಕೊಂಡಿತ್ತು. ಕಡ್ಡಿ ತುಂಡಾಗಿರಲಿಲ್ಲ. ಅದು ಸೈಕಲ್ ಶಾಪಿನ ಒಳ್ಳೆಯ ಕಡ್ಡಿ. ತೂತಿನಿಂದ ಅಡ್ಡಕ್ಕೆ ಎಳೆದು, ನಳಿಗೆಯ ತುದಿಯನ್ನು ಎರಡು ಬೆರಳಿನಷ್ಟು ಸೀಳಿಕೊಂಡು ಬಂದಿತ್ತು.

ಗ್ಯಾರೇಜಿನವನು ಇಕ್ಕಳದಿಂದ ಅದನ್ನು ಕಿತ್ತು ಅಂಗೈ ಮೇಲೆ ಇಟ್ಟುಕೊಂಡು, “ಇದು ಸೈಕಲ್ ಕಡ್ಡಿ,” ಎಂದ. ಅವನಿಗೆ ನನ್ನ ಪೂರ್ವಾಪರ ಗೊತ್ತಿರಲಿಲ್ಲ, ಸುಮ್ಮನೆ ಹೇಳಿದ. ಬಾವನಿಗೆ ಗೊತ್ತಿತ್ತು. ಅವರು ನನ್ನ ಕಡೆ ತಿರುಗಿ ಬಾಯಿ ತೆಗೆದರು. ಅಷ್ಟರಲ್ಲಿ ಅಣ್ಣ ಮಾತಾಡಿದ.

“ಅದು ನಾನೇ ಹೊಡೆದದ್ದು ಬಾವ. ಹೊಡೆದದ್ದೇ ಮರ್ತುಹೋಗಿತ್ತು.”

“ಮರೆಯಂಥ ಕೆಲ್ಸ ಏನಯ್ಯ ಇದು?”

“ವಯಸ್ಸಾತಲ್ಲ,” ಎಂದ ಅಣ್ಣ. ಅವನಿಗೆ ಮೂವತ್ತಾರು.

ಬಾವ ನನ್ನನ್ನೂ ಅವನನ್ನೂ ನೋಡಿದರು. ಆಮೇಲೆ ಗ್ಯಾರೇಜಿನವನಿಗೆ ಪಾನ ವಾಪಸು ಕೊಟ್ಟರು. ನಾನು ಕಂಬಳಿ ಹಾಸಿ ಬಂದೂಕನ್ನು ಅದರ ಮೇಲಿಟ್ಟೆ. ಸುತ್ತುವಾಗ ಸೀಳಿದ ತುದಿ ಕಂಬಳಿಗೆ ಸಿಕ್ಕಿಕೊಳ್ಳುತ್ತಿತ್ತು. ಅಣ್ಣ ಬಗ್ಗಿ ಬಿಡಿಸಿಕೊಟ್ಟ.

ಜಗಳೂರಿನಿಂದ ಊರಿಗೆ ಬರುವವರೆಗೆ ಬಸ್ಸಿನಲ್ಲಿ ಅವನು ನನ್ನನ್ನು ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ನಾನು ಅಳುತ್ತಿದ್ದೆ, ಒಪ್ಪಿಕೊಳ್ಳುತ್ತಿದ್ದೆ. ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಅವನು ಒಂದು ಕಡೆ ಶೇಂಗಾ ಬೀಜ ಕೊಂಡ. ನನಗೆ ಹೆಚ್ಚು ಕೊಟ್ಟು ತಾನು ಸ್ವಲ್ಪ ತಿಂದ. “ನಮ್ಮ ಹೊಲದ ಕಾಯಿನಷ್ಟು ರುಚಿ ಇಲ್ಲ,” ಎಂದ. ನಾನು ಹೌದು ಎಂದೆ.

ಶನಿವಾರ ಠಾಣೆಗೆ ಅವನೊಬ್ಬನೇ ಹೋದ. ನಾನು ಬರುತ್ತೇನೆ ಎಂದರೆ, “ಎರಡು ಜನಕ್ಕೆ ಏನು ಕೆಲ್ಸ?” ಎಂದ. ರೈಟರ್ ಸೀಳಿದ ನಳಿಗೆಯನ್ನು ನೋಡಿ ಮರುಕಪಟ್ಟರಂತೆ. ಆದರೆ ಈಗ ಬರೆದುಕೊಳ್ಳದೆ ವಿಧಿ ಇರಲಿಲ್ಲ. ನಳಿಗೆಗೆ ತೂತು ಹೊಡೆದು ಕೊಳವೆ ಜೋಡಿಸಿದ್ದು ತಾನೇ ಎಂದು ಅಣ್ಣ ಹೇಳಿಕೆ ಕೊಟ್ಟು ಸಹಿ ಮಾಡಿ ಬಂದ. ಚುನಾವಣೆ ಮುಗಿಯಿತು. ಸುತ್ತಲಿನ ಊರುಗಳವರ ಬಂದೂಕುಗಳೆಲ್ಲ ವಾಪಸು ಬಂದವು. ನಮ್ಮದರ ಬದಲಿಗೆ ಕೆಲವು ತಿಂಗಳ ಮೇಲೆ ಒಂದು ಕಾಗದ ಬಂತು. ಅಣ್ಣ ನನ್ನ ಕೈಯಲ್ಲೇ ಓದಿಸಿದ. ನನ್ನ ಐದನೇ ಕ್ಲಾಸಿನ ಓದಿಗೆ ಅದರಲ್ಲಿ ಎಷ್ಟೋ ಪದ ತಿಳಿಯಲಿಲ್ಲ, ಆದರೆ ರದ್ದು ಎಂಬುದು ತಿಳಿಯಿತು.

ಆ ವರ್ಷ ಹಂದಿಗಳು ನಮ್ಮ ಶೇಂಗಾವನ್ನಷ್ಟೇ ಅಲ್ಲ, ಅಕ್ಕಪಕ್ಕದ್ದನ್ನೂ ಉಳಿಸಲಿಲ್ಲ. ಅಣ್ಣ ಎಣ್ಣೆ ಡಬ್ಬಿ ಬಡಿದ. ಹಂದಿಗಳು ಮೊದಲ ಎರಡು ದಿನ ಗೌರವ ಕೊಟ್ಟವು. ಪಕ್ಕದ ಹೊಲದವರು ಗಿರಣಿಯಲ್ಲಿ ಅಣ್ಣನ ಎದುರಿಗೆ ಏನೂ ಅನ್ನಲಿಲ್ಲ, ಹಿಂದಿನಿಂದ, “ಇದ್ದ ಬಂದೂಕನ್ನ ಕೈಯಾರೆ ಹಾಳು ಮಾಡ್ಕೊಂಡ, ಯಾಕೆ ಬೇಕಿತ್ತು?” ಎಂದರು. ನಾನು ಹಿಟ್ಟಿನ ಚೀಲ ಹಿಡಿದು ಅಲ್ಲೇ ನಿಂತಿದ್ದೆ. ಅಣ್ಣ ತನ್ನ ಸರದಿಯಲ್ಲಿ ನಿಂತಿದ್ದ.

ಅವನು ನನ್ನ ಮೇಲೆ ಮುನಿಸಿಕೊಳ್ಳಲಿಲ್ಲ. ನನ್ನ ಮದುವೆ ಮಾಡಿದ. ಮನೆ ಪಾಲಾಗದೆ ಒಟ್ಟಿಗೇ ಇದ್ದೆವು. ಅವನ ಭುಜದ ನೋವೂ ಕಡಿಮೆಯಾಯಿತು. ಈಗ ಬಲಗೈಯಲ್ಲೇ ಉಣ್ಣುತ್ತಾನೆ ನೋಡು ಎಂದು ಅತ್ತಿಗೆ ಸಂತೋಷಪಟ್ಟಳು. ಏನು ಬದಲಾಗಿದೆ ಎಂದು ನನಗೆ ತಿಳಿಯಲು ನಾಲ್ಕೈದು ವರ್ಷ ಹಿಡಿಯಿತು.

ಎಂಬತ್ತರ ದಶಕದಲ್ಲಿ ನಾವು ಬಾವಿಗೆ ಪಂಪ್‌ಸೆಟ್ ಹಾಕಿಸಿದೆವು. ಕರೆಂಟು ಇದ್ದಾಗ ಹಾಕುವುದು, ನೀರು ತಳ ಕಂಡಾಗ ನಿಲ್ಲಿಸುವುದು ನನ್ನ ಕೆಲಸ. ನಿಲ್ಲಿಸದಿದ್ದರೆ ಮೋಟರು ಸುಟ್ಟುಹೋಗುತ್ತದೆ. ನಾನು ಮನೆಗೆ ಬಂದು ಕೈಕಾಲು ತೊಳೆಯುವಾಗ ಅಣ್ಣ ಹೆಗಲಿಗೆ ಟವೆಲು ಹಾಕಿಕೊಂಡು ಎದ್ದು ಬಾವಿಯ ಕಡೆ ಹೊರಡುತ್ತಿದ್ದ. ಎರಡು ಹೊಲ ದಾಟಿ ಹೋಗಿ, ಸ್ವಿಚ್ಚು ನೋಡಿ, ಮೋಟರಿನ ಮೇಲೆ ಕೈಯಿಟ್ಟು ನೋಡಿ ಬರುತ್ತಿದ್ದ. ದಿನಾ ಹೋಗುತ್ತಿದ್ದ. ಹಟ್ಟಿಯ ಬಾಗಿಲು ಹಾಕಿದೆಯಾ, ಬಿತ್ತನೆ ಬೀಜ ಆರಿಸಿದೆಯಾ, ಸೊಸೈಟಿಗೆ ಹೋಗಿ ಬಂದೆಯಾ, ಈ ಯಾವುದನ್ನೂ ಅವನು ನನ್ನನ್ನು ಕೇಳುತ್ತಿರಲಿಲ್ಲ. ಎದ್ದು ಹೋಗಿ ತಾನೇ ನೋಡುತ್ತಿದ್ದ. ಜಗಳೂರಿನ ಆ ಗ್ಯಾರೇಜಿನಲ್ಲಿ ಕೇಳಿದ್ದೇ ಕೊನೆ. ಆಮೇಲೆ ಹೌದು ಅಥವಾ ಇಲ್ಲ ಎಂದು ಉತ್ತರ ಕೊಡಬೇಕಾದ ಒಂದು ಪ್ರಶ್ನೆಯನ್ನೂ ಅವನು ನನಗೆ ಹಾಕಲಿಲ್ಲ. ಯೋಚಿಸಿ ಹೀಗೆ ಮಾಡುತ್ತಿದ್ದನೋ, ಅದು ತಾನಾಗಿಯೇ ಆಗಿತ್ತೋ, ನನಗೆ ಗೊತ್ತಿಲ್ಲ. ಅವನಿಗೂ ಗೊತ್ತಿತ್ತೋ ಇಲ್ಲವೋ.

ಒಂದು ಮಧ್ಯಾಹ್ನ ಅವನಿಗೆ ಜ್ವರವಿತ್ತು. ಆದರೂ ಟವೆಲು ತೆಗೆದುಕೊಂಡು ಎದ್ದ.

“ಎಲ್ಲಿಗೆ? ತಮ್ಮನ್ನ ಕೇಳಿದ್ರೆ ಆಗಾಕಿಲ್ವಾ? ಇಲ್ಲೇ ಕೂತಾನಲ್ಲ,” ಎಂದಳು ಅತ್ತಿಗೆ.

“ಕಾಲಾಡಿಸ್ಕೊಂಡು ಬರ್ತೀನಿ.”

ನಾನು ಬಾಗಿಲಿಗೆ ಹೋಗಿ ನಿಂತೆ. “ಅಣ್ಣ, ಆಫ್ ಮಾಡೀನಿ. ನಾನೇ ಮಾಡಿ ಬಂದೀನಿ.”

“ಹೂಂ. ಮಾಡಿರ್ತೀಯ,” ಎಂದ. ಅದರಲ್ಲಿ ಕೊಂಕು ಇರಲಿಲ್ಲ. ನನ್ನ ಪಕ್ಕದಿಂದ ಬಗ್ಗಿ ಹೊರಗೆ ಹೋದ.

ಬಿಸಿಲಿನಲ್ಲಿ ಅವನು ಬದುವಿನ ಮೇಲೆ ನಿಧಾನವಾಗಿ ನಡೆದು ಹೋಗುವುದನ್ನು ನೋಡುತ್ತಾ ನಿಂತೆ. ಅವತ್ತು ಹೇಳಿಬಿಡಬೇಕು ಎಂದು ತೀರ್ಮಾನಿಸಿದೆ. ಕಡ್ಡಿ ಹೊಡೆದದ್ದು ನಾನು ಎಂಬುದು ಅವನಿಗೆ ಗೊತ್ತೇ ಇತ್ತು, ಅದನ್ನು ಹೇಳುವ ಅಗತ್ಯವಿರಲಿಲ್ಲ. ಕೇಳಿದಾಗ ಇಲ್ಲ ಅಂದೆನಲ್ಲ, ಅದನ್ನು ಹೇಳಬೇಕಿತ್ತು. ಚನ್ನಗಿರಿಯ ಜಗಲಿಯ ಮೇಲೆ ಸಾಹೇಬರು ಅರ್ಧ ತಾಸಿನ ಕೆಲಸ ಎಂದಿದ್ದರು, ಅದು ಅವನಿಗೆ ಗೊತ್ತಿರಲಿಲ್ಲ. ಅದನ್ನೂ ಹೇಳಬೇಕಿತ್ತು. ಮಾತನ್ನು ಎಲ್ಲಿಂದ ಶುರು ಮಾಡುವುದೆಂದು ಜೋಡಿಸಿಕೊಂಡೆ.

ಅವನು ಬೆವರಿಕೊಂಡು ವಾಪಸು ಬಂದ. ಕಟ್ಟೆಯ ಮೇಲೆ ಕೂತು ಮುಖ ಒರೆಸಿಕೊಂಡ.

“ಆಫ್ ಆಗೈತೆ,” ಎಂದ.

“ಹೌದಣ್ಣ,” ಎಂದೆ ನಾನು. ಆಮೇಲೆ ಒಳಗೆ ಹೋಗಿ ಅವನಿಗೆ ನೀರು ತಂದುಕೊಟ್ಟೆ.

ಅಣ್ಣ ಈಗಿಲ್ಲ. ಕೇಳುವವರು ಯಾರೂ ಇಲ್ಲದೆ ಇರುವಾಗ ಹೇಳುತ್ತಿದ್ದೇನೆ ಎಂಬುದು ನನಗೂ ಗೊತ್ತು. ಒಳಗೆ ಕಡ್ಡಿ ಇತ್ತು.